ನೋಡಬಹುದು, ಬರೆಯಕೂಡದು

ಲೀಡ್ಸ್‌ನ ಈ ನ್ಯಾಯಾಲಯದೊಳಗೆ ಪೆನ್ಸಿಲು ಎತ್ತುವಂತಿಲ್ಲ.
ಕಾನೂನು. ನೋಡಬಹುದು, ಬರೆಯಕೂಡದು.
ಹಾಗಾಗಿ ಇಪ್ಪತ್ತು ನಿಮಿಷ ಬರೀ ನೋಡುತ್ತೇನೆ,
ಕಂಠಮಟ್ಟ ತುಂಬಿದ ಕೊಡ ಹೊತ್ತವಳಂತೆ
ತುಳುಕದೆ ಮೆಟ್ಟಿಲಿಳಿಯುತ್ತೇನೆ,
ಕೆಳಗೆ ಕಾಫಿ ಯಂತ್ರದ ಪಕ್ಕದ ಬೆಂಚಿನಲ್ಲಿ
ತೊಡೆಯ ಮೇಲೆ ಹಲಗೆಯಿಟ್ಟು ಸುರಿಯುತ್ತೇನೆ.

ಮೊದಲು ಹಣೆ. ಆಮೇಲೆ ಆ ಪ್ರಸಿದ್ಧ ಹುಬ್ಬು.
ಶನಿವಾರ ರಾತ್ರಿ ಒಂಬತ್ತಕ್ಕೆ ಅದು ಮೇಲೇರಿದರೆ
ಉತ್ತರ ತಪ್ಪೆಂದು ದೇಶಕ್ಕೆಲ್ಲ ಗೊತ್ತಾಗುತ್ತಿತ್ತು.
ನಮ್ಮಮ್ಮನೂ ನಗುತ್ತಿದ್ದಳು, ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದು.
ಈಗ ಗಾಜಿನ ಕಟಕಟೆಯೊಳಗೆ
ಪ್ರಶ್ನೆ ಕೇಳುವ ಸರದಿ ಅವನದಲ್ಲ.

ಹೊರಗೆ ಮೂವತ್ತು ಕ್ಯಾಮೆರಾ, ಏಣಿಗೆ ಏಣಿ ತಾಗಿ.
ಕೊಂದ ಎನ್ನುವಂತಿಲ್ಲ, ನ್ಯಾಯಾಧೀಶರು ಬಿಡುವುದಿಲ್ಲ.
ಕೊಂದಿಲ್ಲ ಎಂದರೆ ಪೇಪರು ಖರ್ಚಾಗುವುದಿಲ್ಲ.
ಅದಕ್ಕೇ ಕೋಟಿನ ಬಗ್ಗೆ ಬರೆಯುತ್ತಾರೆ.
ಸೋಮವಾರ ಬೂದು, ಮಂಗಳವಾರ ಕಡುನೀಲಿ,
ಬುಧವಾರ 'ಸೊರಗಿದ ರೂಪರ್ಟ್ ಹೋಲ್ರಾಯ್ಡ್',
ಗುರುವಾರ ಅವನ ನಾಯಿ ಊಟ ಬಿಟ್ಟಿದೆ,
ಪುಟ ಮೂರರಿಂದ ಐದರ ತನಕ.
ಟಿವಿಯಲ್ಲಿ ಅವನ ಹಳೆಯ ನಗುವನ್ನು ನಿಧಾನಗೊಳಿಸಿ ತೋರಿಸುತ್ತಾರೆ.
ನಿಧಾನವಾದ ಯಾವ ನಗುವೂ ಅಪರಾಧದಂತೆಯೇ ಕಾಣುತ್ತದೆ,
ನನ್ನದೂ, ನಿಮ್ಮದೂ.

ಸತ್ತವಳ ಹೆಸರು ಏಳನೆಯ ಪ್ಯಾರಾದಲ್ಲಿ.
ಒಮ್ಮೆ ಪೈಬಸ್, ಒಮ್ಮೆ ಪೈಬರ್ಸ್,
ಒಮ್ಮೆ ಬರೀ 'ಮೇಕಪ್ಪಿನವಳು'.

ಹೌದು, ಕೆಲಸ ಅದೇ.
ಹನ್ನೊಂದು ವರ್ಷ, ದೀಪ ಹತ್ತುವ ಮೊದಲು
ಅವನ ಎಡಗಣ್ಣಿನ ಕೆಳಗಿನ ಗಾಯದ ಕಲೆಯನ್ನು
ಪೌಡರಿನಲ್ಲಿ ಮುಚ್ಚುತ್ತಿದ್ದಳು.
ಸಾಕ್ಷಿಯೊಬ್ಬಳು ಹೇಳಿದಳು: ಬೆರಳನ್ನು ಮೊದಲು
ತನ್ನ ಕೆನ್ನೆಗೊತ್ತಿ ಬೆಚ್ಚಗಾಗಿಸಿ
ಆಮೇಲೆ ಅವನನ್ನು ಮುಟ್ಟುತ್ತಿದ್ದಳಂತೆ.
ವಕೀಲರು ಮುಂದಿನ ಪ್ರಶ್ನೆಗೆ ಹೋದರು.

ನಾನು ಹೋಗಲಿಲ್ಲ.

ಆ ಕಲೆಯನ್ನು ಬರೆದೆ. ಇಟ್ಟಿಗೆಪುಡಿಯ ಬಣ್ಣ, ಅಕ್ಕಿಕಾಳಿನಷ್ಟು.
ಸುದ್ದಿಮನೆಯಿಂದ ಫೋನು: ಚೆನ್ನಾಗಿದೆ,
ಆದರೆ ಇವನು ಅವನಂತಿಲ್ಲ.
ಕಣ್ಣಿನ ಕೆಳಗೆ ಅದೇನು ಕೊಳೆ? ತೆಗೆದುಬಿಡಿ.
ತುಸು ದಣಿದವನಂತೆ ಮಾಡಿ, ಇಲ್ಲ ತುಸು ಕ್ರೂರ,
ಎರಡರಲ್ಲೊಂದು, ನಾಲ್ಕೂವರೆಯೊಳಗೆ.

ಅವನು ಮಾಡಿದನೋ ಇಲ್ಲವೋ ನನಗೆ ಗೊತ್ತಿಲ್ಲ.
ಅದಕ್ಕೆಂದೇ ಹನ್ನೆರಡು ಮಂದಿ ಕೂತಿದ್ದಾರೆ, ಒಬ್ಬನಿಗೆ ನೆಗಡಿ.
ನೀರು ಕುಡಿವಾಗ ಅವನ ಲೋಟ ಹಲ್ಲಿಗೆ ತಾಗಿ ಸದ್ದಾಯಿತು.
ಭಯವೋ, ಪಾಪವೋ, ಬರೀ ಲೋಟವೋ,
ಬಣ್ಣದ ಕಡ್ಡಿಯಲ್ಲಿ ಹೇಳಲು ಬರುವುದಿಲ್ಲ.

ಹೆಬ್ಬೆರಳಿಂದ ಉಜ್ಜಿದೆ. ಕಲೆ ಹೋಯಿತು.
ಎರಡು ತಿಂಗಳ ಬಾಡಿಗೆ ಬಾಕಿ, ಸುಳ್ಳೇಕೆ?
ಬೆರಳು ತಣ್ಣಗಿತ್ತು.

ಆಗ ಬಂದ, ಮೂರನೆಯ ಸಾಲಿನಲ್ಲಿ ಕೂರುವವ,
ಕೈಯಲ್ಲಿ ಬಸ್ಸಿನ ಟಿಕೇಟು ಸುರುಳಿ ಸುತ್ತುತ್ತ.
'ಡೋರೀನಳ ಅಣ್ಣ ನಾನು,' ಎಂದ.
'ಅವಳನ್ನೂ ಬರೆದಿದ್ದೀರಾ?'

ನೋಡಿಲ್ಲವಲ್ಲ, ಎಂದೆ.
ಪೇಪರಿನಲ್ಲಿ ಬಂದದ್ದು ಯಾರದೋ ಮದುವೆಯ ಫೋಟೋ,
ಅರ್ಧ ಮುಖಕ್ಕೆ ಯಾರದೋ ಭುಜ ಅಡ್ಡ.

ಅವನು ಟೊಪ್ಪಿಗೆ ತೆಗೆದ.
ಕಿಟಕಿಯ ಬೆಳಕಿಗೆ ಸರಿದು ನಿಂತ, ಗಡ್ಡ ಹೆರೆಯದ ಮುಖವೆತ್ತಿ,
'ಗದ್ದ ಹೀಗೇ ಇತ್ತು,' ಎಂದ.
'ಇಲ್ಲಿಂದ ಶುರುಮಾಡಿ.'