ಮೊಣಕಾಲು

ನಮ್ಮ ಮನ್ಯಾಗ ಆ ತಟ್ಟಿಗೆ ಮೊಣಕಾಲು ಅಂತಿದ್ವಿ.
"ಅಪ್ಪಾ, ಮೊಣಕಾಲು ಹಚ್ಚೋ" ಅಂದ್ರ
ಕಪಾಟಿನ ಮ್ಯಾಲಿಂದ ಕಂದು ಲಕೋಟಿ ಇಳಸತಿದ್ದ:
ಜರ್ಮನ್ ದವಾಖಾನಿ, ಬೆಟಗೇರಿ. ಎಕ್ಸರೇ ವಿಭಾಗ.
ಬಸವ್ವ, ಹುಯಿಲಗೋಳ, ಬಲ ಮೊಣಕಾಲು.

ಖರೇ ಹೊದಿಕಿ ಗೆದ್ದಲು ತಿಂದಿತ್ತು,
ನಾ ಹುಟ್ಟೂದಕ್ಕಿಂತ ಮೊದಲ.
ಸಿಸ್ಟರ್ ಗುಡ್ರುನ್ ತಮ್ಮೂರಿಗೆ ಹೊಂಟಾಗ ಬಿಟ್ಟು ಹೋದದ್ದು.
ಹಲ್ಲಿಗೆ ಹೆದರತಿದ್ರಂತ ಅವರು, ಹಾವಿಗಲ್ಲ.
ಸೂಜಿ ಮಾಡೂ ಮುಂದ "ಒಂದ, ಎಡ್ಡ" ಅಂತ ಎಣಿಸಿ
ಮೂರು ಬರೂದ್ರಾಗ ಚುಚ್ಚಿಬಿಡತಿದ್ರಂತ.
"ಯಾವ ಹಾಡ್ರೀ ಇದು?" ಅಂತ ಅಪ್ಪ ಕೇಳಿದ್ದಕ್ಕ
"ಹಾಡಲ್ಲ ಯೋನಪ್ಪ, ನನ್ನ ತಮ್ಮ" ಅಂದಿದ್ರಂತ.

ತಮ್ಮಂದು ಡ್ರಮ್ಮು. ಅಷ್ಟ ಗೊತ್ತು.
ಒಂದು ಬದಿ ತುಂಬ ಒಂದ ಬಡತ,
ಏರಲಿಲ್ಲ ಇಳೀಲಿಲ್ಲ,
ಅದರ ಮ್ಯಾಲ ಯಾರೋ ಕಬ್ಬಿಣದ ಬಾಗಿಲ ಎಳದಂಗ ಗಿಟಾರು.
ಅಮ್ಮ ಅಂತಿದ್ಲು: "ಇದಕ್ಯಾಕ ಕರೆಂಟು ಸುಡತೀರಿ,
ಕಿಟಕಿ ತಗೀರಿ,
ತುಳಜಾಸಾನ ಮಗ್ಗ ಪುಕ್ಕಟ ಕೇಳಸ್ತೈತಿ."

ತಗದ್ರ ಖರೇನ. ಎರಡೂ ಕೂಡಿ ನಡೀತಿದ್ವು,
ಒಮ್ಮೆ ಮಗ್ಗ ಮುಂದ, ಒಮ್ಮೆ ತಮ್ಮ ಮುಂದ.
ಸಂಜಿಗೆ ಓಣಿಯ ಎಲ್ಲಾ ಮಗ್ಗ ಶುರು ಆದ್ರ
ಬಲ್ಬು ಕುಂಬಳಕಾಯಿ ಬಣ್ಣಕ್ಕ ಬರತಿತ್ತು,
ತಟ್ಟಿ ತೂಕಡಿಸಿ, ತಮ್ಮ ದಮ್ಮು ಹತ್ತಿದಂಗ
ತಡದು ತಡದು ಬಡೀತಿದ್ದ.
ನಾವು ಅದೂ ಹಾಡಿನಾಗಿಂದ ಅಂತ ತಿಳದಿದ್ವಿ.

ಈಗ ಐವತ್ತು ವರ್ಷದ ಮ್ಯಾಲ ಮತ್ತ ಅಚ್ಚಾಗೈತಿ.
ತಟ್ಟಿ ನಡಬರಕಿನ ಚೀಟಿ ಓದಿ ಹುಡುಕಿದ್ದು: ಗ್ರುಂಡ್‌ವಾಸರ್,
ಅಂದ್ರ ನೆಲದ ಕೆಳಗಿನ ನೀರು.
ಎರಡು ತಿಂಗಳ ಟ್ಯೂಷನ್ ರೊಕ್ಕ ಆತು, ಮ್ಯಾಲ ಕಸ್ಟಮ್ಸು.
ಕೊರಿಯರ್ ಹುಡುಗ ಅಲಗಾಡಿಸಿ ಕೇಳಿದ,
"ಏನ್ರೀ ಟೀಚರ್, ಗ್ವಾಡಿ ಗಡಿಯಾರೇನು?"

ಖರೇ ಹೊದಿಕಿ ಮೊದಲ ಸಲ ನೋಡಿದೆ.
ಬೂದಿ ಬಣ್ಣದ ಮ್ಯಾಲ ಒಂದು ನೀರಿನ ಮೀಟರು.
ಇಷ್ಟು ವರ್ಷ ಕೇಳೂ ಮುಂದ ನನ್ನ ಕಣ್ಣಿಗೆ ಎಲುಬ ಕಾಣತಿದ್ವು.

ಒಳಗ ದಪ್ಪ ಪುಸ್ತಕ, ಅವರ ಚರಿತ್ರಿ.
ಮುಚ್ಚಿದ ಹಾಲಿನ ಡೇರಿಯೊಳಗ ಶುರು ಆದದ್ದು,
ತಂಪಿಗೆ ತಂತಿ ಸಡ್ಲ ಆಗತಿದ್ದದ್ದು,
ಮೂರು ತಟ್ಟಿ, ಆರುನೂರು ಮಾರಾಟ,
ಉಳದದ್ದು ಕಂಪನಿಯವರು ಕರಗಿಸಿದ್ದು.
ಒಬ್ಬ ಸತ್ತಾನ. ಇಬ್ಬರು ಮಾತು ಬಿಟ್ಟಾರ,
ಬ್ಯಾರೆ ಬ್ಯಾರೆ ಶಾಯಿಯೊಳಗ ಸಹಿ ಹಾಕ್ಯಾರ.
ಡ್ರಮ್ಮಿನವನ ಪುಟದಾಗ ನಾಕ ಸಾಲು:
ಎಪ್ಪತ್ತೇಳರ ಮಾರ್ಚದಾಗ ಸೈಕಲ್ ತಗೊಂಡು ಹೋದ,
ತಿರುಗಿ ಬರಲಿಲ್ಲ.
ಬಂಧುಬಳಗ ಇದ್ದ ಬಗ್ಗೆ ತಿಳಿದಿಲ್ಲ.

ತಿಳಿದಿಲ್ಲಂತ.
ಪೆನ್ಸಿಲ್ ತಗೊಂಡು ಅಂಚಿನಾಗ ಬರದೆ:
ಅಕ್ಕ ಇದ್ದಳು. ಹಲ್ಲಿಗೆ ಹೆದರತಿದ್ದಳು.

ಆಮ್ಯಾಲ ಹಚ್ಚಿದೆ.
ಗೀರಿಲ್ಲ, ಧೂಳಿಲ್ಲ. ಒಬ್ಬ ಕೆಮ್ಮಿದ್ದೂ ಕೇಳತೈತಿ.
ಆದ್ರ ಇಂವ ಬ್ಯಾರೆ ಯಾರೋ,
ರೈಲು ತಪ್ಪೀತು ಅನ್ನವರಂಗ ಓಡತಾನ.
ಹದಿನೆಂಟು ನಿಮಿಷಕ್ಕ ಮುಗೀತು.
ನಮ್ಮದು ಇಪ್ಪತ್ತೊಂದು ಆಗತಿತ್ತು,
ಮಗ್ಗ ಎಲ್ಲಾ ನಡದಿದ್ರ ಇಪ್ಪತ್ತೆರಡು.
ತುಳಜಾಸಾನ ಮಗ್ಗ ಗುಜರಿಗೆ ಹೋಗಿ ಯಾವ ಕಾಲಾತೋ,
ಕರೆಂಟು ಈಗ ಬರಾಬ್ಬರಿ ಬರತೈತಿ.

ಎರಡನೇ ಸಲ ಹಚ್ಚಿ
ತಟ್ಟಿ ಅಂಚಿಗೆ ಬೆರಳು ಇಟ್ಟೆ, ಹಗುರಕ,
ಕೂಸಿನ ಹಣಿ ಮುಟ್ಟಿ ಜ್ವರ ನೋಡಿದಂಗ.
ದನಿ ಇಳೀತು. ಇನ್ನೊಂಚೂರು.
ಬಂದ, ನಮ್ಮ ಓಣಿ ತಮ್ಮ,
ದಮ್ಮು ಹತ್ತಿಸಿಕೊಂಡು.

ಬೆರಳು ಕಾದಿತ್ತು. ತಗದೆ.

ಎತ್ತಿಡಬೇಕಂತ ಹಳೇ ಲಕೋಟಿ ತಗದ್ರ
ತಳದಾಗ ಇನ್ನೂ ಆ ಫಿಲ್ಮು.
ಕಿಟಕಿಗೆ ಹಿಡದು ನೋಡಿದೆ:
ಚಿಪ್ಪಿನ ಕೆಳಗ ಕೂದಲೆಳಿಯಷ್ಟು ಬಿರುಕು.
ವಾಸಿ ಆತೋ ಇಲ್ಲೋ ಬಸವ್ವಂದು.
ಹುಯಿಲಗೋಳ ಏನ್ ದೂರಿಲ್ಲ,
ನಡಕೋತ ಬಂದಿರಬೇಕು ಆಕಿ.