ಕರಿಕಾಯಿ

ಕಾಯಿ ಕಚ್ಚಿದ ದಿನವೇ ಶರಗಳಿಗೆ ಕೆಂಪು ನೂಲು ಕಟ್ಟಿದ್ದೆ,
ಗಾಳಿಬೀಡಿನ ಇಳಿಜಾರಿನಲ್ಲಿ, ಹನ್ನೊಂದನೆಯ ಹಿಂಡಿನಲ್ಲಿ.
ಆಗಾಗ ಒಂದು ಹಿಡಿ ಏಲಕ್ಕಿ ಕಿತ್ತು,
ಸೀಸೆಗೆ ಹಾಕಿ, ಸೀಸೆಯನ್ನು ಬಸ್ಸಿಗೆ ಹಾಕಿ
ಮೈಸೂರಿನ ಯಂತ್ರಕ್ಕೆ ಕಳಿಸುವುದು ನನ್ನ ಕೆಲಸ.
ಯಂತ್ರ ಗುಡ್ಡ ಬರೆದು ಕಳಿಸುತ್ತದೆ:
ಒಂದು ಎತ್ತರದ ಗುಡ್ಡ, ಅದರಾಚೆ ಒಂದು ದಿಬ್ಬ,
ನಡುನಡುವೆ ನಾಲಿಗೆ ತೊಡರುವ ಹೆಸರಿನ ಹುತ್ತಗಳು.

ಬೊಳ್ಳವ್ವನಿಗೆ ವಾಸನೆ ತಿಳಿಯುವುದಿಲ್ಲ.
ಎರಡು ವರ್ಷದ ಹಿಂದಿನ ಜ್ವರ
ಹೋಗುವಾಗ ಮೂಗನ್ನೂ ಕೊಂಡುಹೋಯಿತು.
ಹಂದಿಸಾರು ತಳ ಹಿಡಿದರೆ ಸೊಸೆ ಓಡಿಬರಬೇಕು.
ಆದರೂ ಕೊಯ್ಲಿಗೆ ಅವಳೇ ಮುಂದು.
ತೊಟ್ಟಿಗೆ ಹೆಬ್ಬೆರಳಿಟ್ಟರೆ
ಬಿಡುವ ಕಾಯಿ ಬಿಡುತ್ತದೆ,
ಬಿಡದ್ದನ್ನು ಅವಳು ಎರಡನೆಯ ಸಲ ಕೇಳುವುದಿಲ್ಲ.

ಮೂವತ್ತನೆಯ ದಿನ. ಬೀಜ ಬಿಳಿ, ಕರುವಿನ ಹಲ್ಲಿನ ಹಾಗೆ.
ಅಗಿದವಳು ಕಣ್ಣರಳಿಸಿದಳು:
"ತಂಪು! ಮೂಗಿನ ಹಿಂದೆ ಯಾರೋ ಕದ ತೆಗೆದ ಹಾಗೆ."
ಸಿನಿಯೋಲ್, ಎಂದೆ. ನೆಗಡಿಗೆ ಹಚ್ಚುವ
ನೀಲಗಿರಿ ಎಣ್ಣೆಯಲ್ಲೂ ಇರುವುದು ಅದೇ.
"ಹೆಸರು ನೀನೇ ಇಟ್ಟುಕೋ. ಇನ್ನೊಂದು ಕೊಡು."

ಎಪ್ಪತ್ತು. ಬೀಜ ಕಂದು.
ಗುಡ್ಡ ತಗ್ಗಿದೆ, ದಿಬ್ಬ ಎದ್ದಿದೆ.
ಟರ್ಪಿನೈಲ್ ಅಸಿಟೇಟ್.
ಹೇಗಿದೆ ಹೇಳು, ಎಂದಳು.
ಪಾಯಸದ ಮುಚ್ಚಳ ಎರಡನೆಯ ಸಲ ತೆಗೆದ ಹಾಗೆ, ಎಂದೆ.
ಅಲ್ಲ. ಮದುವೆಯ ಮರುದಿನ ಮಡಿಸಿಟ್ಟ ಸೀರೆ.
ಅದೂ ಅಲ್ಲ.
ಅವಳು ಅಗಿಯುತ್ತಲೇ ಇದ್ದಳು.
"ತಾಗುತ್ತದೆ. ಮೊದಲಿನಷ್ಟಲ್ಲ."

ನೂರಾಹತ್ತು. ಕರಿಕಾಯಿ.
ಬೀಜ ಕಪ್ಪು, ಬೆರಳಿಗೆ ಅಂಟು.
ಒಣಗೂಡಿನ ಬಾಗಿಲು ಸರಿಸಿದರೆ
ರಸ್ತೆಯ ಜೀಪೂ ನಿಧಾನವಾಗುತ್ತದೆ.
ರೈಟರ್ ಬಿದ್ದಪ್ಪ ಮೂಸಿ, ಕಣ್ಣು ಮುಚ್ಚಿ,
ಕಣ್ಣು ತೆರೆಯುವ ಮೊದಲೇ ಬೆಲೆ ಹೇಳಿದ.
ಬೊಳ್ಳವ್ವ ಬಾಯಿಗೆ ಹಾಕಿಕೊಂಡು ಕಾದಳು.
"ಆಚೆ ಮನೆಯಲ್ಲಿ ಯಾರೋ ಕದ ತೆಗೆದರು," ಎಂದಳು,
"ನಮ್ಮ ಮನೆಯಲ್ಲಲ್ಲ."

ಎಣ್ಣೆ ಕಡಿಮೆಯಾಗಿಲ್ಲ ಬೊಳ್ಳವ್ವಾ, ಹೆಚ್ಚೇ ಇದೆ,
ಪಾಲು ಬದಲಾಗಿದೆ ಅಷ್ಟೆ,
ಎನ್ನಬೇಕೆಂದುಕೊಂಡೆ. ಹಾಳೆ ಮಡಿಸಿದೆ.
ಅದರಲ್ಲಿ ಅವಳ ನಾಲಿಗೆಗೆ ಅಂಕಣವಿಲ್ಲ.

ಸಂಜೆ ಹಿಂಡಿನ ಬುಡದಲ್ಲಿ ಬಗ್ಗಿ ಹುಡುಕಿದೆ.
ತಡವಾಗಿ ಕಚ್ಚಿದ ಒಂದು ಶರ, ಅದಕ್ಕೂ ಕೆಂಪು ನೂಲು.
ಮೂರು ಕಾಯಿ. ಬಿಡಲೊಲ್ಲವು,
ಎಳೆದರೆ ತೊಟ್ಟಿನ ಸಿಪ್ಪೆ ಹರಿದುಕೊಂಡು ಬಂದವು.
ಅವಳ ಸೆರಗಿನ ಗಂಟಿಗೆ ಹಾಕಿದೆ.
ಪುಸ್ತಕದಲ್ಲಿ ಬರೆದದ್ದು:
ಇಲಿ ತಿಂದಿದೆ.