ಹದಿನೇಳು ಹೆಚ್ಚು ಬೀಳುವ ದಾಳ

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಜೂನ್ ಒಂದಕ್ಕೆ ಯಂತ್ರ ನಿಲ್ಲಿಸುತ್ತಿದ್ದರು.
ಟ್ರಾಲರುಗಳು ಮೂತಿಗೆ ಮೂತಿ ತಾಗಿಸಿ
ಅರವತ್ತೊಂದು ದಿನ ತೂಕಡಿಸಲು ನಿಂತ ಮೇಲೆ
ಬರ್ಫ ಯಾರಿಗೆ ಬೇಕು?
ಅಮೋನಿಯಾದ ಘಾಟು ಮಾತ್ರ ಗೋಡೆ ಬಿಡುತ್ತಿರಲಿಲ್ಲ.
ಆ ಘಾಟಿನಲ್ಲೇ ಕೂತು ನಾವು
ಸೂರ್ಯ ಸಾಯುವುದನ್ನು ಕಾದೆವು.

ಪುಸ್ತಕ ನಾಲ್ಕು. ಅಸಲಿಗೆ ಐದು.
ಡಾಂಬರಿನ ಹಡಗಿನ ಅಡುಗೆಯವನೊಬ್ಬ
ಎರಡು ಕಿಲೋ ಇಸವಣದ ಬಾಕಿಗೆಂದು
ಇನಾಸನ ಕೈಗೆ ತುರುಕಿ ಹೋದದ್ದು.
ಮೂರನೆಯದು ಇರಲಿಲ್ಲ.
ರಟ್ಟಿನ ಮೇಲೆ ಒಣಗಿದ ಮುರುಗಲ ಬಣ್ಣದ ಸೂರ್ಯ,
ಅದರಡಿ ಉದ್ದ ಟೊಪ್ಪಿಯವ. ಅವನ ಕೈಯಲ್ಲಿ ಇದ್ದದ್ದು
ಮಂತ್ರದಂಡವೋ ಯಂತ್ರದ ಬಿಡಿಭಾಗವೋ?
"ಎರಡೂ," ಅನ್ನುತ್ತಿದ್ದ ಇನಾಸ,
"ಲೋಕ ಅಷ್ಟು ಮುದಿಯಾದ ಮೇಲೆ
ಯಾವುದು ಯಾವುದೆಂದು ಯಾರಿಗೆ ನೆನಪು ಮಾರಾಯ."

ಇನಾಸ ಫುರ್ತಾದ, ಕಂಪ್ರೆಸರ್ ನೋಡಿಕೊಳ್ಳುವವ,
ಡಿಕ್ಷನರಿ ತೊಡೆಯ ಮೇಲಿಟ್ಟು ಓದಿ ಹೇಳುತ್ತಿದ್ದ.
ಸಿಗದ ಶಬ್ದಕ್ಕೆ ಊರಿನದೊಂದು ಹಚ್ಚುತ್ತಿದ್ದ.
ಹೀಗಾಗಿ ಕೋಟಿ ವರ್ಷದಾಚೆಯ ಮಾಂತ್ರಿಕನ ಗೋಪುರ
ಸದಾಶಿವಗಡದ ಮೇಲೆಯೇ ಇತ್ತು,
ದೇವಚಾರ ಬೀಡಿ ಕೇಳುತ್ತಿದ್ದ,
ನರಭಕ್ಷಕರು ಕಾಳಿ ಸೇತುವೆಯಡಿ ಸುಂಕ ಎತ್ತುತ್ತಿದ್ದರು.
(ಮೊನ್ನೆ ಹಳೇ ಸೇತುವೆ ಕುಸಿದ ರಾತ್ರಿ
ನನಗೆ ಮೊದಲು ನೆನಪಾದದ್ದು ಅವರೇ.)

ಇಲ್ಲದ ಮೂರನೆಯ ಪುಸ್ತಕವನ್ನು
ನಾವು ಆಡಿಯೇ ತುಂಬಿಸಿದೆವು.
ಬಲೆಯ ಸೀಸದ ಗುಂಡುಗಳನ್ನು ಕರಗಿಸಿ
ಇನಾಸ ಇಪ್ಪತ್ತು ಮುಖದ ದಾಳ ಮಾಡಿದ,
ಅರ ಹಿಡಿದು ವಾರವಿಡೀ ಉಜ್ಜಿದ.
ಸಮ ಬರಲಿಲ್ಲ. ಹದಿನೇಳು ಹೆಚ್ಚು ಬೀಳುತ್ತಿತ್ತು.

ದೇವಿದಾಸ ತಾಂಡೇಲ ಕಳ್ಳ.
ಬರ್ಫದ ಲಾರಿಯವರ ಶಬ್ಬೀರ ಖಡ್ಗದವ.
ಕಂಠಪಾಠ ಬರುತ್ತಿದ್ದ ನಾನು ಮಾಂತ್ರಿಕಳು.
ತಲೆಯಲ್ಲಿ ನಾಲ್ಕೇ ಮಂತ್ರಕ್ಕೆ ಜಾಗ,
ಆಡಿದೊಡನೆ ಅಳಿಯಬೇಕು.
ಬರ್ಫದ ರಶೀದಿಯ ಬೆನ್ನಿಗೆ ಬರೆದುಕೊಡುತ್ತಿದ್ದ,
ಬಾಯಿಪಾಠವಾದೊಡನೆ ಕಸಿದುಕೊಂಡು
ಉಪ್ಪುನೀರಿನ ತೊಟ್ಟಿಗೆ ಹಾಕುತ್ತಿದ್ದ.

ಮೊದಲನೆಯದನ್ನು ಒಂದು ಬೀಗಕ್ಕೆ ಹಾಳು ಮಾಡಿದೆ.
ಎರಡನೆಯದು, ಕಲ್ಲಾಗುತ್ತಿದ್ದ ಶಬ್ಬೀರನ ಕಾಲಿಗೆ.
ಮೂರನೆಯದು ಯಾವುದಕ್ಕೋ. ಮರೆತೆ. ನಿಯಮವೇ ಅದು.
ನಾಲ್ಕನೆಯದು ಸೂರ್ಯನಿಗೆ. ಐದು ಸಾಲು. ಒಂದೇ ಸಲ.

ಆಷಾಢದ ಆ ಮಧ್ಯಾಹ್ನ
ಹನ್ನೊಂದು ದಿನದಿಂದ ಬಿಸಿಲಿರಲಿಲ್ಲ.
ದೇವಗಡದ ದೀಪಸ್ತಂಭವೂ ಕಾಣದಷ್ಟು ಕತ್ತಲು.
"ಹೇಳೇ ಸುಗಂಧಾ, ಸತ್ತೇ ಹೋಯ್ತು ಅದು, ಹೇಳು,"
ಅಂದ ದೇವಿದಾಸ. ಕತೆಯ ಸೂರ್ಯನಿಗೋ
ಹೊರಗಿನದಕ್ಕೋ, ಅವನಿಗೂ ಗೊತ್ತಿರಲಿಕ್ಕಿಲ್ಲ.
ದಾಳ ಸಿಮೆಂಟಿನ ಮೇಲೆ ಉರುಳಿತು.
ಹದಿನೇಳು. ಸಾಕಿತ್ತು.
ನಾನು ಬಾಯಿ ತೆರೆದೆ,
ಮನಸ್ಸಿನಲ್ಲೇ ಕೊನೆಯ ಸಾಲಿನವರೆಗೆ ಹೋಗಿ ಬಂದೆ,
ಬಾಯಿ ಮುಚ್ಚಿದೆ.

ದೇವಿದಾಸ ಚೌತಿಯವರೆಗೆ ಮಾತು ಬಿಟ್ಟ.
ಆಟ ಅಲ್ಲಿಗೇ ನಿಂತಿತು.

ಈಗ ನಾನು ಬಂದರದಲ್ಲಿ
ಹರಾಜಿನ ಲೆಕ್ಕ ಬರೆಯುತ್ತೇನೆ.
ಇನಾಸ ಇಲ್ಲ. ಪುಸ್ತಕಗಳ ಹಾಳೆಯಲ್ಲಿ
ಅವನ ಅಕ್ಕ ಒಣಸಿಗಡಿ ಕಟ್ಟಿ ಮಾರಿದಳಂತೆ.
ದಾಳಕ್ಕೆ ತೂತು ಕೊರೆದು
ದೇವಿದಾಸ ತನ್ನ ಬಲೆಯಂಚಿಗೆ ಪೋಣಿಸಿದ್ದಾನೆ;
ಬಲೆ ಬಿಟ್ಟಾಗಲೆಲ್ಲ ಅದು
ಹತ್ತು ಮಾರು ಆಳದ ಕೆಸರಿನಲ್ಲಿ ಉರುಳುತ್ತದೆ,
ನೋಡಲು ಯಾರೂ ಇಲ್ಲ.

ಮಂತ್ರ ನನ್ನಲ್ಲಿ ಹಾಗೇ ಇದೆ.
ಮಳೆ ಹಿಡಿದ ವಾರಗಳಲ್ಲಿ
ತುಟಿ ಅಲ್ಲಾಡಿಸದೆ ಒಮ್ಮೆ ಮುಟ್ಟಿ ನೋಡುತ್ತೇನೆ.
ನಾಲ್ಕು ಸಾಲು ಸಲೀಸು.
ಐದನೆಯದರಲ್ಲಿ ಎರಡೇ ಶಬ್ದ:
ಆರು ಏಳು.
ನಡುವೆ ಒಂದು ಚುಕ್ಕೆಯೂ ಇರಲಿಲ್ಲ.
ಎಣಿಕೆಯೋ, ಅಪ್ಪಣೆಯೋ?
ಅಪ್ಪಣೆಯಾದರೆ, ಮೊದಲ ಶಬ್ದಕ್ಕೇ ಅದು ಆರಿ
ಎರಡನೆಯದನ್ನು ಕೇಳಿಸಿಕೊಳ್ಳಲು
ಉಳಿಯದೇ ಹೋದರೆ?

ಬೋಟಿನವರ ಮಾತು ಕೇಳಿ ಕಲಿತ ಕನ್ನಡ ಇನಾಸನದು.
ರಶೀದಿ ಕಸಿದುಕೊಳ್ಳುವ ಮೊದಲು
ಕೇಳಿಕೊಳ್ಳಬೇಕಿತ್ತು.